ಸ್ಕೋರ್ ಪುಸ್ತಕ ಇಲ್ಲದ ಜಾಗ: ಎ. ಇ. ಜೆ. ಕಾಲಿನ್ಸ್ ಅವರ ಜೀವನ

ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ. ಮಕ್ಕಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಇವತ್ತಿನ ಮಾತು ಅವರಿಗೂ ಬೇಕು.

ಮೊನ್ನೆ ಒಂದು ಮನೆಗೆ ಹೋಗಿದ್ದೆ. ಮನೆಯ ಯಜಮಾನರು ಇಬ್ಬರು ಗಂಡುಮಕ್ಕಳನ್ನು ಕರೆದು ಪರಿಚಯ ಮಾಡಿಸಿದರು. ದೊಡ್ಡವನು 92 ಪರ್ಸೆಂಟ್ ಅಂದರು. ಚಿಕ್ಕವನ ಕಡೆ ಕೈ ತೋರಿಸಿ, ಇವನದು 61, ಏನು ಮಾಡೋದು ಅಂತ ನಿಟ್ಟುಸಿರು ಬಿಟ್ಟರು. ಹೆಸರು ಹೇಳಲೇ ಇಲ್ಲ ಪ್ರಿಯರೇ! ಚಿಕ್ಕವನು ತಲೆ ತಗ್ಗಿಸಿ ಒಳಗೆ ಹೋದ. ದೊಡ್ಡವನು ನಗುತ್ತಾ ನಿಂತಿದ್ದ, ಆದರೆ ಆ ನಗೆಯಲ್ಲೂ ಒಂದು ಭಯ ಇತ್ತು. ಮುಂದಿನ ವರ್ಷ 92 ಬಾರದಿದ್ದರೆ ತಾನು ಯಾರು ಅನ್ನುವ ಭಯ. ಅವತ್ತು ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಆ ಇಬ್ಬರು ಹುಡುಗರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇವತ್ತು ಒಬ್ಬ ಮನುಷ್ಯನ ಜೀವನವನ್ನು ನಿಮ್ಮ ಮುಂದೆ ಇಡುತ್ತೇನೆ.

ಈತನ ಹೆಸರು ಆರ್ಥರ್ ಎಡ್ವರ್ಡ್ ಜೂನ್ ಕಾಲಿನ್ಸ್. ಕ್ರಿಕೆಟ್ ದಾಖಲೆಗಳನ್ನು ಓದುವವರು ಎ. ಇ. ಜೆ. ಕಾಲಿನ್ಸ್ ಅಂದ ಕೂಡಲೇ ಒಂದೇ ಒಂದು ಸಂಖ್ಯೆ ಹೇಳುತ್ತಾರೆ. 628. ಅಷ್ಟೇ. ಮನುಷ್ಯ ಹೋಗಿ ಸಂಖ್ಯೆ ಉಳಿಯಿತು. ಆ ಸಂಖ್ಯೆಯ ಹಿಂದೆ ಇದ್ದ ಮನುಷ್ಯ ಯಾರು ಅಂತ ಇವತ್ತು ನೋಡೋಣ.

ಕಾಲಿನ್ಸ್ ಇಂಗ್ಲಿಷಿನವನು, ಆದರೆ ಹುಟ್ಟಿದ್ದು ನಮ್ಮ ಭಾರತದಲ್ಲಿ. 1885ರ ಆಗಸ್ಟ್ 18ರಂದು, ಈಗ ಜಾರ್ಖಂಡಿನಲ್ಲಿರುವ ಹಜಾರಿಬಾಗ್ ಎಂಬ ಊರಿನಲ್ಲಿ. ತಂದೆ ಇಂಡಿಯನ್ ಸಿವಿಲ್ ಸರ್ವಿಸಿನಲ್ಲಿ ನ್ಯಾಯಾಧೀಶರು. ದೊಡ್ಡ ಹುದ್ದೆ, ದೊಡ್ಡ ಬಂಗಲೆ, ಮಗುವಿಗೆ ಏನು ಕಡಿಮೆ ಅಂತ ನಾವು ಅಂದುಕೊಳ್ಳಬಹುದು. ಆದರೆ ಕೇಳಿ, 1897ರಲ್ಲಿ ಈ ಹುಡುಗ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕ್ಲಿಫ್ಟನ್ ಕಾಲೇಜಿಗೆ ಸೇರುವ ಹೊತ್ತಿಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಹನ್ನೆರಡು ವರ್ಷದ ಅನಾಥ. ಪೋಷಕರಾಗಿ ನಿಂತವರ ಮನೆ ದೂರದ ಡೆವನ್ ಪ್ರಾಂತದಲ್ಲಿ. ಕಾಲೇಜು ಅಂದರೆ ನಮ್ಮ ಪಿಯುಸಿ ಕಾಲೇಜಲ್ಲ, ಹುಡುಗರು ಅಲ್ಲೇ ಉಳಿದು ಓದುವ ಶಾಲೆ. ಪರೀಕ್ಷೆಯಲ್ಲಿ ಗೆದ್ದರೆ ಓಡಿ ಹೋಗಿ ಹೇಳಲು ಅಮ್ಮ ಇಲ್ಲ. ಸೋತರೆ ಬೆನ್ನು ತಟ್ಟಲು ಅಪ್ಪ ಇಲ್ಲ. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಈಗ 1899ನೇ ಇಸವಿಯ ಜೂನ್ ತಿಂಗಳಿಗೆ ಬನ್ನಿ. ಆ ತಿಂಗಳ ಮೊದಲ ದಿನಗಳಲ್ಲೇ ಇಂಗ್ಲೆಂಡಿನ ಮಹಾ ಆಟಗಾರ ಡಬ್ಲ್ಯು. ಜಿ. ಗ್ರೇಸ್ ತನ್ನ ಕೊನೆಯ ಟೆಸ್ಟ್ ಪಂದ್ಯ ಆಡಿ ಮುಗಿಸಿದ್ದ. ದೇಶವೆಲ್ಲಾ ಅದನ್ನೇ ಮಾತಾಡುತ್ತಿತ್ತು. ಅದೇ ತಿಂಗಳ 22ನೇ ತಾರೀಕು, ಗುರುವಾರ, ಕ್ಲಿಫ್ಟನ್ ಕಾಲೇಜಿನ ಒಂದು ಮೂಲೆಯ ಮೈದಾನದಲ್ಲಿ ಚಿಕ್ಕ ಹುಡುಗರ ಪಂದ್ಯ ಒಂದು ಶುರುವಾಯಿತು. ಶಾಲೆಯೊಳಗೇ ಹುಡುಗರನ್ನು ಬೇರೆ ಬೇರೆ ಹೌಸ್ ಅಂತ ಹಂಚುತ್ತಾರಲ್ಲ, ಹಾಗೆ. ಒಂದು ಕಡೆ ಕ್ಲಾರ್ಕ್ಸ್ ಹೌಸ್, ಇನ್ನೊಂದು ಕಡೆ ನಾರ್ತ್ ಟೌನ್. ಇದು ಆ ಶಾಲೆಯ ದೊಡ್ಡ ತಂಡವೂ ಅಲ್ಲ. ನೋಡಲು ಜನ ಇಲ್ಲ, ಪತ್ರಿಕೆಯವರು ಇಲ್ಲ. ಕ್ಲಾರ್ಕ್ಸ್ ಹೌಸಿನ ಪರವಾಗಿ ಬ್ಯಾಟ್ ಹಿಡಿದು ಬಂದ ಹುಡುಗರಲ್ಲಿ ಕಾಲಿನ್ಸ್ ಒಬ್ಬ. ವಯಸ್ಸು ಹದಿಮೂರು.

ಕ್ರಿಕೆಟ್ ಗೊತ್ತಿಲ್ಲದ ಅಮ್ಮಂದಿರು ಬೇಜಾರು ಮಾಡಿಕೊಳ್ಳಬೇಡಿ, ಸುಲಭವಾಗಿ ಹೇಳ್ತೀನಿ. ಬ್ಯಾಟ್ ಹಿಡಿದವನು ಔಟಾಗುವ ತನಕ ಆಡಬಹುದು. ಸಾಮಾನ್ಯ ಹುಡುಗ ಅರ್ಧ ಗಂಟೆ ನಿಂತರೆ ದೊಡ್ಡದು. ಕಾಲಿನ್ಸ್ ಆ ದಿನ ಸಂಜೆ ತನಕ ನಿಂತ. 200 ರನ್ ಆಯಿತು, ಔಟಾಗಲಿಲ್ಲ. ಮರುದಿನ ಶುಕ್ರವಾರ ಮತ್ತೆ ಬಂದು ನಿಂತ. ಆಗ ಪ್ರಪಂಚದಲ್ಲೇ ಒಬ್ಬ ಮನುಷ್ಯ ಒಂದು ಇನ್ನಿಂಗ್ಸಿನಲ್ಲಿ ಹೊಡೆದಿದ್ದ ಅತಿ ಹೆಚ್ಚು ರನ್ 485. 1886ರಲ್ಲಿ ಸ್ಟಾಡರ್ಟ್ ಎಂಬ ದೊಡ್ಡ ಆಟಗಾರ ಹೊಡೆದದ್ದು. ಶುಕ್ರವಾರ ಸಂಜೆಯ ಹೊತ್ತಿಗೆ ಈ ಹದಿಮೂರು ವರ್ಷದ ಹುಡುಗ ಆ ಸಂಖ್ಯೆಯನ್ನು ದಾಟಿಬಿಟ್ಟ! ಸುದ್ದಿ ಹಬ್ಬಿತು. ಯಾರೂ ನೋಡದ ಮೈದಾನದ ಸುತ್ತ ಜನ ಸೇರಿದರು. ಮುಂದಿನ ವಾರ ಆಟ ಮುಂದುವರಿಯಿತು. ಒಟ್ಟು ನಾಲ್ಕು ದಿನದ ಮಧ್ಯಾಹ್ನಗಳಲ್ಲಿ ಹರಡಿಕೊಂಡು, ಆರು ಗಂಟೆ ಐವತ್ತು ನಿಮಿಷ ಬ್ಯಾಟ್ ಮಾಡಿ, ಹುಡುಗ 628 ರನ್ ಹೊಡೆದ. ಔಟಾಗಲಿಲ್ಲ. ನಾಟ್ ಔಟ್.

ತಂಡದ ಮೊತ್ತ 836. ಎದುರಾಳಿ ಹುಡುಗರು ಎರಡು ಸಲ ಆಡಿ 87 ಮತ್ತು 61ಕ್ಕೆ ಮುಗಿಸಿದರು. ಅದರಲ್ಲೂ 11 ವಿಕೆಟ್ ತೆಗೆದವನು ಇದೇ ಕಾಲಿನ್ಸ್. ಒಂದು ಇನ್ನಿಂಗ್ಸ್ ಮತ್ತು 688 ರನ್ನುಗಳ ಗೆಲುವು.

ಪ್ರಿಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಈ 628ರ ಒಳಗೆ ಏನಿದೆ ಅಂತ ಬಿಚ್ಚಿ ನೋಡಬೇಕು. ಸಿಕ್ಸ್ ಎಷ್ಟು ಅಂದುಕೊಂಡಿರಿ? ಒಂದೇ ಒಂದು. ಐದು ರನ್ನಿನ ಹೊಡೆತ ನಾಲ್ಕು. ಫೋರ್ 31. ಮೂರು ರನ್ 33 ಸಲ. ಎರಡು ರನ್ 146 ಸಲ. ಒಂದು ರನ್ 87 ಸಲ. ಲೆಕ್ಕ ಹಾಕಿ ನೋಡಿ, ರನ್ ಬಂದ 302 ಹೊಡೆತಗಳಲ್ಲಿ 233 ಹೊಡೆತಗಳು ಬರೀ ಒಂದು, ಎರಡು. ಆ ಮೈದಾನ ವಿಚಿತ್ರವಾಗಿತ್ತು. ಒಂದು ಕಡೆ ಗೋಡೆ ತೀರಾ ಹತ್ತಿರ, ಅಲ್ಲಿಗೆ ಹೊಡೆದರೆ ಎರಡೇ ರನ್. ಇನ್ನೊಂದು ಕಡೆ ಇಳಿಜಾರು, ಅಲ್ಲಿ ಓಡಿಯೇ ಎಲ್ಲ ರನ್ ತೆಗೆಯಬೇಕು. ದೂರದಿಂದ ನೋಡುವವರಿಗೆ 628 ಒಂದು ಬೆಟ್ಟ. ಹತ್ತಿರ ಹೋದರೆ ಅದು ಸಣ್ಣ ಸಣ್ಣ ಕಲ್ಲುಗಳ ರಾಶಿ. ನಿಮ್ಮ ಮನೆಯ ತಾಯಿ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚುತ್ತಾಳಲ್ಲ, ಅದು ಒಂದು ರನ್. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ವರ್ಷಗಟ್ಟಲೆ ಕೂಡಿಸಿದರೆ ಆ ಮನೆ ನಿಂತಿರುವುದೇ ಅದರ ಮೇಲೆ. ಎಷ್ಟು ಮಂದಿ ಕೇಳಿಸಿಕೊಳ್ತಾ ಇದ್ದೀರಿ?

ಇನ್ನೂ ಒಂದು ವಿಷಯ. ಆಡುವಾಗ ಎದುರಾಳಿಗಳು ಕಾಲಿನ್ಸನ ಕ್ಯಾಚನ್ನು ಹಲವು ಸಾರಿ ಕೈಬಿಟ್ಟರು. ಅವರೂ ಚಿಕ್ಕ ಮಕ್ಕಳೇ ಅಲ್ಲವೇ. ಹಾಗಾದರೆ ಈ ದೊಡ್ಡ ಸಂಖ್ಯೆಯಲ್ಲಿ ಅವರ ಸಣ್ಣ ಕೈಗಳ ಪಾಲೂ ಇದೆ. ಮತ್ತೆ ಕ್ರಿಕೆಟ್ಟಿನಲ್ಲಿ ಒಬ್ಬನೇ ಆಡಲು ಆಗುವುದಿಲ್ಲ. ಇನ್ನೊಂದು ತುದಿಯಲ್ಲಿ ಯಾರಾದರೂ ಔಟಾಗದೆ ನಿಂತಿರಬೇಕು. ಒಂಬತ್ತು ಜನ ಔಟಾದ ಮೇಲೆ ಕೊನೆಯವನಾಗಿ ಬಂದವನು ರೆಡ್‌ಫರ್ನ್ ಎಂಬ ಹುಡುಗ. ಅವನು ಹೊಡೆದದ್ದು 13 ರನ್. ಅಷ್ಟು ಹೊತ್ತು ಅವನು ನಿಂತದ್ದರಿಂದ ಕಾಲಿನ್ಸ್ ಆಡಿದ. ಅವನು ಔಟಾದ ಕ್ಷಣ 628 ಅಲ್ಲಿಗೆ ನಿಂತಿತು. ಪ್ರಪಂಚ 628ನ್ನು ನೆನಪಿಟ್ಟುಕೊಂಡಿತು, 13ನ್ನು ಯಾರು ನೆನಪಿಟ್ಟುಕೊಂಡರು? ನಿಮ್ಮ ಪಕ್ಕದಲ್ಲಿ ಕೂತವರ ಕಡೆ ತಿರುಗಿ ಹೇಳಿ, ನೀನು ನಿಂತಿದ್ದಕ್ಕೆ ನಾನು ಆಡಿದೆ ಅಂತ. ಹೇಳಿ, ಹೇಳಿ. ಗಂಡಂದಿರು ಹೆಂಡತಿಗೆ ಹೇಳಿ.

ಸ್ಕೋರ್ ಬರೆದವನೂ ಶಾಲೆಯ ಹುಡುಗನೇ. ಲೆಕ್ಕದಲ್ಲಿ ಸ್ವಲ್ಪ ಆಚೀಚೆ ಆಗಿರಬಹುದು ಅಂತ ಅವನೇ ಒಪ್ಪಿಕೊಂಡಿದ್ದ. ನೋಡಿ, ಪ್ರಪಂಚವೆಲ್ಲಾ ನಂಬಿದ ಸಂಖ್ಯೆಗೇ ಪೂರ್ತಿ ಗ್ಯಾರಂಟಿ ಇಲ್ಲ!

ಆಮೇಲೆ ಏನಾಯಿತು? ಹದಿಮೂರು ವರ್ಷಕ್ಕೇ ಪತ್ರಿಕೆಗಳಲ್ಲಿ ಹೆಸರು ಬಂತು. ಇನ್ನು ಈ ಹುಡುಗ ಇಂಗ್ಲೆಂಡ್ ತಂಡಕ್ಕೆ ಆಡುತ್ತಾನೆ, ಎರಡನೇ ಗ್ರೇಸ್ ಆಗುತ್ತಾನೆ ಅಂತ ಕಾಯುವವರು ಕಾದರು. ಆದರೆ ಕಾಲಿನ್ಸ್ ಇಂಗ್ಲೆಂಡಿಗೆ ಆಡಲಿಲ್ಲ. ಕೌಂಟಿ ತಂಡಕ್ಕೂ ಆಡಲಿಲ್ಲ. ಫಸ್ಟ್ ಕ್ಲಾಸ್ ಅಂತ ಕರೆಯುವ ಪಂದ್ಯ ಒಂದೂ ಆಡಲಿಲ್ಲ. ಶಾಲೆಯಲ್ಲಿ ಕ್ರಿಕೆಟ್ ಆಡಿದ, ರಗ್ಬಿ ಆಡಿದ, ಬಾಕ್ಸಿಂಗಿನಲ್ಲಿ ಕಂಚಿನ ಪದಕ ಗೆದ್ದ. ಆಮೇಲೆ ವೂಲಿಚ್‌ನಲ್ಲಿದ್ದ ಸೈನಿಕ ಅಕಾಡೆಮಿಗೆ ಸೇರಿ, 1904ರಲ್ಲಿ ರಾಯಲ್ ಎಂಜಿನಿಯರ್ಸ್ ಎಂಬ ದಳದಲ್ಲಿ ಅಧಿಕಾರಿಯಾದ.

ಇವತ್ತಿನ ಕಾಲದವರಾಗಿದ್ದರೆ ನಾವು ಏನು ಅಂತಿದ್ದೆವು? ಅಯ್ಯೋ, ಅಷ್ಟು ಪ್ರತಿಭೆ ಇತ್ತು, ಹಾಳು ಮಾಡಿಕೊಂಡ ಅಂತಿದ್ದೆವು. ಹದಿಮೂರರಲ್ಲಿ ಮಿಂಚಿದ, ಆಮೇಲೆ ಆರಿಹೋದ ಅಂತಿದ್ದೆವು. ತಂದೆತಾಯಂದಿರೇ, ಇದು ನಮಗೆ ಇರುವ ಒಂದು ಕೆಟ್ಟ ಅಭ್ಯಾಸ. ಮಗುವಿನ ಒಂದು ಒಳ್ಳೆಯ ವರ್ಷವನ್ನು ಹಿಡಿದುಕೊಂಡು ಉಳಿದ ಎಲ್ಲ ವರ್ಷಗಳನ್ನೂ ಅದರ ಪಕ್ಕದಲ್ಲಿ ನಿಲ್ಲಿಸಿ ಅಳೆಯುತ್ತೇವೆ. ಕಾಲಿನ್ಸನಿಗೆ ಮಾತ್ರ ಬೇರೆ ಕೆಲಸ ಇತ್ತು.

ಎಂಜಿನಿಯರ್ ದಳದವರ ಕೆಲಸ ಏನು ಗೊತ್ತಾ? ಸೈನ್ಯ ನದಿ ದಾಟಬೇಕಾದರೆ ಸೇತುವೆ ಕಟ್ಟಬೇಕು. ಕಂದಕ ತೋಡಬೇಕು. ಮುಳ್ಳುತಂತಿ ಹಾಕಬೇಕು. ಬೇರೆಯವರು ದಾಟಿ ಹೋಗಲು, ಬೇರೆಯವರು ಅಡಗಿ ಉಳಿಯಲು ದಾರಿ ಮಾಡುವ ಕೆಲಸ. ಸೇತುವೆ ದಾಟಿದವನು ಸೇತುವೆ ಕಟ್ಟಿದವನ ಹೆಸರು ಕೇಳುತ್ತಾನಾ? ಕೇಳುವುದಿಲ್ಲ. ಕಾಲಿನ್ಸ್ ಆ ಕೆಲಸವನ್ನು ಹತ್ತು ವರ್ಷ ಮಾಡಿ ಕ್ಯಾಪ್ಟನ್ ಹುದ್ದೆಗೆ ಏರಿದ. ಕ್ರಿಕೆಟ್ ಬಿಡಲಿಲ್ಲ, ಬಿಡುವಾದಾಗ ಸೈನ್ಯದ ತಂಡಗಳಲ್ಲಿ ಆಡುತ್ತಿದ್ದ. 1913ರಲ್ಲಿ ಲಂಡನ್ನಿನ ಪ್ರಸಿದ್ಧ ಲಾರ್ಡ್ಸ್ ಮೈದಾನದಲ್ಲಿ ರಾಯಲ್ ಎಂಜಿನಿಯರ್ಸ್ ಪರವಾಗಿ ರಾಯಲ್ ಆರ್ಟಿಲರಿ ವಿರುದ್ಧ ಆಡಿದ. ಮೊದಲ ಸಲ 58, ಎರಡನೇ ಸಲ 36. ಎಷ್ಟು ಸಾಧಾರಣ ಸಂಖ್ಯೆ! ಆದರೆ 58 ಹೊಡೆದ ಕಾಲಿನ್ಸ್ 628 ಹೊಡೆದ ಕಾಲಿನ್ಸಿಗಿಂತ ಚಿಕ್ಕವನಾಗಿದ್ದನಾ? ಅದೇ ಮನುಷ್ಯ ತಾನೇ?

1914ರ ವಸಂತ ಕಾಲದಲ್ಲಿ ಎಥೆಲ್ ಎಂಬಾಕೆಯನ್ನು ಮದುವೆಯಾದ. ಚಿಕ್ಕಂದಿನಲ್ಲೇ ಮನೆ ಕಳೆದುಕೊಂಡವನಿಗೆ ಮತ್ತೆ ಒಂದು ಮನೆ ಆಯಿತು. ಕೆಲವೇ ತಿಂಗಳು. ಆಗಸ್ಟ್ 4ರಂದು ಬ್ರಿಟನ್ ಯುದ್ಧಕ್ಕೆ ಇಳಿಯಿತು. ಕಾಲಿನ್ಸ್ 5ನೇ ಫೀಲ್ಡ್ ಕಂಪನಿಯೊಂದಿಗೆ ಯುದ್ಧಭೂಮಿಯಲ್ಲಿದ್ದ. ಅಕ್ಟೋಬರ್ ಬರುವಷ್ಟರಲ್ಲಿ ಸೈನ್ಯ ಬೆಲ್ಜಿಯಮ್ಮಿನ ಈಪ್ರ್ ಎಂಬ ಪಟ್ಟಣದ ಸುತ್ತ ನಿಂತಿತ್ತು. ಆ ಊರು ಬಿದ್ದರೆ ಸಮುದ್ರದ ತೀರದ ಬಂದರುಗಳಿಗೆ ಜರ್ಮನರ ದಾರಿ ತೆರೆಯುತ್ತಿತ್ತು. ಹಾಗಾಗಿ ಬಿಡುವಂತಿಲ್ಲ. ಮಳೆ, ಕೆಸರು, ಚಳಿ, ದಿನವೂ ಕಡಿಮೆಯಾಗುತ್ತಾ ಹೋಗುವ ಜನ.

1914ರ ನವೆಂಬರ್ 11. ಜರ್ಮನಿಯ ಹೆಸರಾಂತ ಪ್ರಷ್ಯನ್ ಗಾರ್ಡ್ ಪಡೆ ದೊಡ್ಡ ದಾಳಿ ಮಾಡಿದ ದಿನ. ಕಾಲಿನ್ಸ್ ಇದ್ದದ್ದು ಪಾಲಿಗನ್ ವುಡ್ ಎಂಬ ಕಾಡಿನ ಹತ್ತಿರದ ಕಂದಕದಲ್ಲಿ. ಕಂದಕದ ಒಂದು ಪಕ್ಕ ಕಾವಲಿಲ್ಲದೆ ತೆರೆದಿತ್ತು. ಆ ಕಡೆಯಿಂದ ಶತ್ರು ನುಗ್ಗಿದರೆ ಒಳಗಿದ್ದ ಒಬ್ಬರೂ ಉಳಿಯುವುದಿಲ್ಲ. ಆ ಪಕ್ಕವನ್ನು ಕಾಯಲು ಇನ್ನಷ್ಟು ಜನ ಬೇಕು ಅಂತ ಕಾಲಿನ್ಸ್ ಸನ್ನೆ ಮಾಡಿ ಕರೆಯುತ್ತಿದ್ದ. ಸನ್ನೆ ಕಾಣಬೇಕಾದರೆ ತಾನು ಕಾಣಿಸಿಕೊಳ್ಳಲೇಬೇಕು ಅಲ್ಲವೇ? ಆಗಲೇ ಗುಂಡು ಬಿತ್ತು. ಜೊತೆಯವರು ಕಂದಕದೊಳಗೆ ಎಳೆದುಕೊಂಡರು. ಒಂದು ಗಂಟೆಯೊಳಗೆ ಪ್ರಾಣ ಹೋಯಿತು. ವಯಸ್ಸು 29. ಸರಿಯಾಗಿ ನಾಲ್ಕು ವರ್ಷದ ನಂತರ, 1918ರಲ್ಲಿ, ಇದೇ ನವೆಂಬರ್ 11ರಂದು ಯುದ್ಧ ನಿಂತಿತು.

ಪ್ರಿಯರೇ, ಈಗ ಆ ಎರಡು ಜಾಗಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕ್ಲಿಫ್ಟನ್ ಮೈದಾನದಲ್ಲಿ ಒಬ್ಬ ಸ್ಕೋರ್ ಬರೆಯುವವನು ಕೂತಿದ್ದ. ಪ್ರತಿ ಒಂದು ರನ್ನಿಗೂ ಒಂದು ಗುರುತು ಹಾಕಿದ. ಪಾಲಿಗನ್ ವುಡ್ಡಿನ ಕೆಸರಿನಲ್ಲಿ ಬರೆಯುವವನು ಯಾರೂ ಇರಲಿಲ್ಲ. ಆ ಸನ್ನೆಯಿಂದ ಎಷ್ಟು ಜನರ ಪ್ರಾಣ ಉಳಿಯಿತು, ಹತ್ತೋ, ನೂರೋ, ಒಬ್ಬನೋ, ಯಾರೂ ಲೆಕ್ಕ ಇಟ್ಟಿಲ್ಲ. ಹುಡುಗನ ಆಟಕ್ಕೆ ಪೈಸೆ ಪೈಸೆ ಲೆಕ್ಕ ಇದೆ, ಗಂಡಸಿನ ತ್ಯಾಗಕ್ಕೆ ಲೆಕ್ಕವೇ ಇಲ್ಲ! ಆದರೆ ಒಂದು ಮಾತು ಕೇಳುತ್ತೇನೆ. ಲೆಕ್ಕ ಇಲ್ಲ ಅಂದ ಮಾತ್ರಕ್ಕೆ ಆ ಕೆಲಸ ನಡೆಯಲಿಲ್ಲವಾ?

ಆತನ ಸಮಾಧಿ ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ. ಆ ನೆಲದ ಮೇಲೆ ಇನ್ನೂ ನಾಲ್ಕು ವರ್ಷ ಯುದ್ಧ ನಡೆಯಿತು. ಈಪ್ರ್ ಪಟ್ಟಣದಲ್ಲಿ ಮೆನಿನ್ ಗೇಟ್ ಅಂತ ಒಂದು ದೊಡ್ಡ ಸ್ಮಾರಕ ದ್ವಾರ ಇದೆ, 1927ರಲ್ಲಿ ತೆರೆದದ್ದು. ಸಮಾಧಿಯೇ ಗೊತ್ತಿಲ್ಲದ 54,000ಕ್ಕೂ ಹೆಚ್ಚು ಸೈನಿಕರ ಹೆಸರನ್ನು ಅದರ ಗೋಡೆಗಳ ಮೇಲೆ ಕೆತ್ತಿದ್ದಾರೆ. ಕಾಲಿನ್ಸನ ಹೆಸರು ಅವುಗಳಲ್ಲಿ ಒಂದು. ಈತ ಹುಟ್ಟಿದ ಭಾರತದಿಂದ ಹೋಗಿ ಅಲ್ಲಿ ಸತ್ತ ಸೈನಿಕರ ಹೆಸರುಗಳೂ ಅದೇ ಗೋಡೆಗಳಲ್ಲಿ ಇವೆ. ಆ ಗೋಡೆಯಲ್ಲಿ ಯಾರ ಹೆಸರಿನ ಮುಂದೆಯೂ ರನ್ ಬರೆದಿಲ್ಲ, ಮಾರ್ಕ್ಸ್ ಬರೆದಿಲ್ಲ. ದಿನಾ ರಾತ್ರಿ ಎಂಟು ಗಂಟೆಗೆ ಅಲ್ಲಿ ಕಹಳೆ ಊದಿ ಅವರನ್ನು ನೆನೆಯುತ್ತಾರೆ. ಎಲ್ಲರನ್ನೂ ಒಂದೇ ಸಮನಾಗಿ ನೆನೆಯುತ್ತಾರೆ. ಕಾಲಿನ್ಸನ ತಮ್ಮನೂ 1917ರಲ್ಲಿ ಇದೇ ಯುದ್ಧದಲ್ಲಿ ಸತ್ತ. ಹಜಾರಿಬಾಗಿನ ಆ ನ್ಯಾಯಾಧೀಶರ ಇಬ್ಬರು ಮಕ್ಕಳು, ಒಂದೇ ಯುದ್ಧಕ್ಕೆ.

ಹಾಗಾದರೆ ಆ 628 ಏನಾಯಿತು? ನೂರ ಹದಿನಾರು ವರ್ಷ ಉಳಿಯಿತು. 2016ರ ಜನವರಿಯಲ್ಲಿ ಮುಂಬೈ ಹತ್ತಿರದ ಕಲ್ಯಾಣದಲ್ಲಿ, ಆಟೋ ಓಡಿಸುವ ಒಬ್ಬ ತಂದೆಯ ಮಗ, ಹದಿನೈದು ವರ್ಷದ ಪ್ರಣವ್ ಧನವಾಡೆ, ಶಾಲೆಯ ಪಂದ್ಯದಲ್ಲಿ 1009 ರನ್ ಹೊಡೆದ. ಅವನೂ ನಾಟ್ ಔಟ್. ಒಳ್ಳೆಯದಾಯಿತು, ಆ ಹುಡುಗನಿಗೆ ಸಂತೋಷವಾಗಲಿ. ಆದರೆ ನೋಡಿ, ಅಷ್ಟು ವರ್ಷ ಯಾರೂ ಮುಟ್ಟಲಾಗದ ಸಂಖ್ಯೆ ಎರಡು ದಿನದಲ್ಲಿ ಎರಡನೇ ಸ್ಥಾನಕ್ಕೆ ಇಳಿಯಿತು. ಸಂಖ್ಯೆಯ ಗುಣವೇ ಅದು. ಇವತ್ತು ನಿಮ್ಮದು, ನಾಳೆ ಇನ್ನೊಬ್ಬರದು. ಯಾರೋ ಒಬ್ಬರು ಬಂದು ದಾಟಿಯೇ ದಾಟುತ್ತಾರೆ. ಕಂದಕದ ಪಕ್ಕದಲ್ಲಿ ಕೈ ಎತ್ತಿ ಜನರನ್ನು ಕರೆದದ್ದನ್ನು ಮಾತ್ರ ಯಾರೂ ದಾಟಲು ಆಗುವುದಿಲ್ಲ, ಯಾಕಂದರೆ ಅದು ಸ್ಪರ್ಧೆಯೇ ಅಲ್ಲ.

ಕ್ಲಿಫ್ಟನ್ನಿನ ಆ ಮೈದಾನಕ್ಕೆ ಈಗ ಕಾಲಿನ್ಸನ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿ ಆಡುವ ಮಕ್ಕಳಿಗೆ ನಾನು ಹೇಳುವುದಾದರೆ ಇಷ್ಟೇ ಹೇಳುತ್ತೇನೆ. ಇಲ್ಲಿ ಹೆಚ್ಚು ರನ್ ಹೊಡೆದರೆ ಸಂತೋಷ. ಕಡಿಮೆ ಹೊಡೆದರೂ ಪರವಾಗಿಲ್ಲ. ಜೊತೆಯವನಿಗೆ ನಿನ್ನ ಅಗತ್ಯ ಬಿದ್ದ ದಿನ ನೀನು ಅಡಗಿ ಕೂರಬೇಡ.

ಯೌವನಸ್ಥರೇ, ನಿಮ್ಮಲ್ಲಿ 92 ತಗೊಂಡವರು ಇದ್ದೀರಿ, ಅದನ್ನು ಹೊತ್ತುಕೊಂಡು ಓಡಾಡಬೇಡಿ, ಕೆಳಗೆ ಇಡಿ. ಕಾಲಿನ್ಸ್ 628ನ್ನು ಮೈದಾನದಲ್ಲೇ ಬಿಟ್ಟು ಸೇತುವೆ ಕಟ್ಟಲು ಹೋದ. 61 ತಗೊಂಡವರೂ ಇದ್ದೀರಿ. 13 ರನ್ ಹೊಡೆದ ರೆಡ್‌ಫರ್ನನನ್ನು ನೆನಪಿಟ್ಟುಕೊಳ್ಳಿ. ನೀವು ಒಂದು ತುದಿಯಲ್ಲಿ ನಿಂತಿರುವುದರಿಂದ ಎಷ್ಟು ಜನ ಆಡುತ್ತಾ ಇದ್ದಾರೆ ಅಂತ ನಿಮಗೆ ಇನ್ನೂ ಗೊತ್ತಿಲ್ಲ.

ತಂದೆತಾಯಂದಿರೇ, ಒಂದು ಹನ್ನೆರಡು ವರ್ಷದ ಹುಡುಗನಿಗೆ ಓಡಿ ಹೋಗಿ ಹೇಳಲು ಅಪ್ಪ ಅಮ್ಮ ಇರಲಿಲ್ಲ ಅಂತ ಮೊದಲೇ ಹೇಳಿದೆ. ನಿಮ್ಮ ಮಕ್ಕಳಿಗೆ ನೀವು ಇದ್ದೀರಿ. ಇದ್ದೂ ಇಲ್ಲದ ಹಾಗೆ ಮಾಡಬೇಡಿ. ಇವತ್ತು ಮನೆಗೆ ಹೋದ ಮೇಲೆ ಮಕ್ಕಳನ್ನು ಹತ್ತಿರ ಕರೆಯಿರಿ. ಮಾರ್ಕ್ಸ್ ಕಾರ್ಡ್ ತೆಗೆಯಬೇಡಿ. ಈ ವಾರ ಯಾರಿಗೆ ಸಹಾಯ ಮಾಡಿದೆ ಮಗಾ ಅಂತ ಕೇಳಿ. ಅವರು ಹೇಳುವ ತನಕ ಸುಮ್ಮನೆ ಕೂತು ಕೇಳಿಸಿಕೊಳ್ಳಿ.

ನಾನು ಆ ಮನೆಗೆ ಬರುವ ವಾರ ಮತ್ತೆ ಹೋಗುತ್ತೇನೆ. ಈ ಸಾರಿ ಮೊದಲು ಆ ಚಿಕ್ಕ ಹುಡುಗನ ಹೆಸರು ಕೇಳುತ್ತೇನೆ.